ಸಮಾಜ ವಿಜ್ಞಾನದ ತರಗತಿ: ಯಾವ ಪಾಠಕ್ಕೆ ಯಾವ ಬೋಧನಾ ವಿಧಾನ?

ಬದಿಯಡ್ಕ ಟೀಚರ್ ಕೇಳಿದ ಪ್ರಶ್ನೆ

ಎಲ್ಲ ಅಧ್ಯಾಪಕ ಮಿತ್ರರಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಒಂದು ಶಾಲೆಯ ಕನ್ನಡ ಮಾಧ್ಯಮ ವಿಭಾಗದಲ್ಲಿ ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಮನೆಯಲ್ಲಿ ತುಳು ಮಾತಾಡುವ ಮಕ್ಕಳೇ ಹೆಚ್ಚು. ಮಲಯಾಳ, ಮರಾಠಿ, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ ಮನೆಮಾತಾಗಿರುವವರೂ ಇದ್ದಾರೆ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯಲ್ಲೂ ಕೇಳಿಬರುವ ಕನ್ನಡವಲ್ಲ. ಆದ್ದರಿಂದ ‘ಶೋಷಣೆ’, ‘ವಿಕೇಂದ್ರೀಕರಣ’, ‘ಸಾರ್ವಭೌಮತ್ವ’ ಎಂಬ ಪದಗಳನ್ನು ಅವರು ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಸರಿಯಾಗಿ ಬರೆದರೂ, ಅದೇ ವಿಷಯವನ್ನು ಸ್ವಂತ ಮಾತಿನಲ್ಲಿ ಹೇಳಲು ಕೇಳಿದಾಗ ತಡವರಿಸುತ್ತಾರೆ.

ನಮ್ಮ ಪಠ್ಯಕ್ರಮ ಚಟುವಟಿಕೆಯನ್ನು ಆಧರಿಸಿದ್ದು ಎಂಬುದು ನಿಮಗೆಲ್ಲ ಗೊತ್ತಿದೆ. ಪುಸ್ತಕದಲ್ಲೇ ಚರ್ಚೆ, ಟಿಪ್ಪಣಿ, ಸೆಮಿನಾರು, ಪ್ರಾಜೆಕ್ಟು ಎಲ್ಲವೂ ಇವೆ. ತರಬೇತಿಗೆ ಹೋದಲ್ಲಿಯೂ ಪಾತ್ರಾಭಿನಯ, ರಸಪ್ರಶ್ನೆ, ವಿಡಿಯೋ ಪ್ರದರ್ಶನಗಳ ಪಟ್ಟಿ ದೊರೆಯುತ್ತದೆ, ಅವನ್ನೆಲ್ಲ ನಾನು ತರಗತಿಯಲ್ಲಿ ಬಳಸುತ್ತಲೂ ಇದ್ದೇನೆ. ಆದರೆ ಗುಂಪು ಚರ್ಚೆ ಕೊಟ್ಟರೆ ಅಕ್ಷರ ಚೆನ್ನಾಗಿರುವ ಒಬ್ಬಳು ಬರೆಯುತ್ತಾಳೆ, ಉಳಿದವರು ಅವಳ ಪುಸ್ತಕದ ಕಡೆ ನೋಡುತ್ತಾ ಕುಳಿತಿರುತ್ತಾರೆ. ಪಾತ್ರಾಭಿನಯದ ದಿನ ಇಡೀ ತರಗತಿ ಉತ್ಸಾಹದಲ್ಲಿರುತ್ತದೆ, ಆದರೆ ಮರುದಿನ ‘ಬ್ರಿಟಿಷರು ಕಂದಾಯವನ್ನು ಧಾನ್ಯದ ಬದಲು ಹಣದಲ್ಲೇ ಕೊಡಬೇಕೆಂದಾಗ ರೈತನಿಗೆ ಆದ ತೊಂದರೆಯೇನು’ ಎಂದು ಕೇಳಿದರೆ ಕೈ ಎತ್ತುವವರು ಮತ್ತೆ ಅವರೇ ಮೂರು ನಾಲ್ಕು ಮಂದಿ.

ವಿಧಾನಗಳನ್ನು ಬದಲಿಸುವುದರಿಂದ ಬೇಸರ ಕಳೆಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೇಸರ ಕಳೆಯುವುದು ಬೇರೆ, ಪಾಠ ಮನಸ್ಸಿಗೆ ಇಳಿಯುವುದು ಬೇರೆ. ಯಾವ ಪಾಠಕ್ಕೆ ಯಾವ ವಿಧಾನ ಒಪ್ಪುತ್ತದೆ ಎಂಬುದನ್ನು ನೀವು ಹೇಗೆ ನಿರ್ಧರಿಸುತ್ತೀರಿ? ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಅದನ್ನು ಹೇಗೆ ಮುಗಿಸುತ್ತೀರಿ? ಮುಂದಿನ ತಿಂಗಳು ಭೂ ಸುಧಾರಣೆಯ ವಿಷಯ ಬರಲಿದೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಮುಳ್ಳೇರಿಯ, ನಿವೃತ್ತ ಅಧ್ಯಾಪಕ

ಟೀಚರ್, ನೀವು ಕೇಳಿದ ಪಾಠ ನಮ್ಮ ಜಿಲ್ಲೆಯ ಮಟ್ಟಿಗೆ ಪುಸ್ತಕಕ್ಕಿಂತ ಮನೆಗಳಲ್ಲೇ ಹೆಚ್ಚು ಇದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ವಿಧಾನವನ್ನು ಮೊದಲು ಆರಿಸಿ ಅದಕ್ಕೆ ಪಾಠವನ್ನು ಹೊಂದಿಸುವ ಕ್ರಮವನ್ನು ಬಿಟ್ಟುಬಿಡಿ. ಈ ಪಾಠದಲ್ಲಿ ಮಗು ಉತ್ತರಿಸಲೇಬೇಕಾದ ಒಂದು ಪ್ರಶ್ನೆ ಯಾವುದು ಎಂಬುದನ್ನು ಮೊದಲು ಬರೆದುಕೊಳ್ಳಿ, ಆ ಪ್ರಶ್ನೆಗೆ ಉತ್ತರ ಎಲ್ಲಿ ಸಿಗುತ್ತದೆ ಎಂಬುದೇ ವಿಧಾನವನ್ನು ತೋರಿಸಿಕೊಡುತ್ತದೆ. ಉತ್ತರ ಕಾಗದಪತ್ರದಲ್ಲಿದ್ದರೆ ಪತ್ರ ಓದಿಸಬೇಕು, ಹಿರಿಯರ ನೆನಪಿನಲ್ಲಿದ್ದರೆ ಸಂದರ್ಶನಕ್ಕೆ ಕಳುಹಿಸಬೇಕು, ಕಾನೂನಿನ ವಿವರದಲ್ಲಿದ್ದರೆ ಅಧ್ಯಾಪಕರೇ ನಿಂತು ವಿವರಿಸಬೇಕು. ಭೂ ಸುಧಾರಣೆಯ ಪಾಠಕ್ಕೆ ಈ ಮೂರೂ ಬೇಕಾಗುತ್ತವೆ.

ಮೊದಲ ಪಿರಿಯಡ್ಡಿಗೆ ಒಂದು ಹಳೆಯ ಗೇಣಿ ಚೀಟಿಯ ಜೆರಾಕ್ಸ್ ಪ್ರತಿ ಸಾಕು. ನಮ್ಮದು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಊರು. ಹೀಗಾಗಿ ಪುಸ್ತಕದಲ್ಲಿ ಮಲಬಾರಿನ ಕಾಣಂ, ವೆರುಂಪಾಟ್ಟಂ ಎಂಬ ಗೇಣಿ ಪದ್ಧತಿಗಳ ಬಗ್ಗೆ ಓದುವ ಮಕ್ಕಳ ಮನೆಗಳಲ್ಲಿ ಇರುವುದು ಮೂಲಗೇಣಿ ಮತ್ತು ಚಾಲಗೇಣಿಯ ಪತ್ರಗಳು. ಮೂಲಗೇಣಿಯ ಒಕ್ಕಲಿಗೆ, ಅಂದರೆ ಗೇಣಿದಾರನಿಗೆ, ಶಾಶ್ವತ ಹಕ್ಕು ಇತ್ತು, ಗೇಣಿಯನ್ನು ಮನಬಂದಂತೆ ಏರಿಸುವಂತಿರಲಿಲ್ಲ. ಚಾಲಗೇಣಿಯವನ ಹಕ್ಕು ಅವಧಿಯದ್ದು, ಧಣಿ ಮನಸ್ಸು ಮಾಡಿದರೆ ಮುಂದಿನ ವರ್ಷ ಗದ್ದೆ ಇನ್ನೊಬ್ಬನ ಪಾಲು. ಇದನ್ನು ನೀವು ಮೊದಲೇ ಹೇಳಬೇಡಿ. ಚೀಟಿಯನ್ನು ಇಬ್ಬಿಬ್ಬರಿಗೆ ಒಂದರಂತೆ ಕೊಟ್ಟು, ಬರೆಸಿಕೊಂಡವರು ಯಾರು, ಬರೆದುಕೊಟ್ಟವರು ಯಾರು, ಎಷ್ಟು ಮುಡಿ ಅಕ್ಕಿ, ಅಕ್ಕಿಯ ಹೊರತು ಇನ್ನೇನು ಕೊಡಬೇಕಾಗಿತ್ತು, ಯಾವ ತಿಂಗಳೊಳಗೆ, ತಪ್ಪಿದರೆ ಏನಾಗುತ್ತಿತ್ತು ಎಂದಷ್ಟೇ ಕೇಳಿ. ಹಳೆಯ ಮೋಡಿ ಅಕ್ಷರ ಓದಲು ಕಷ್ಟಪಡುತ್ತಾರೆ, ಆ ಕಷ್ಟವೇ ಅವರನ್ನು ಕಾಗದದ ಮೇಲೆ ಬಗ್ಗುವಂತೆ ಮಾಡುತ್ತದೆ. ಧಣಿಯ ಹೊಣೆಯ ಬಗ್ಗೆ ಚೀಟಿಯಲ್ಲಿ ಒಂದು ಸಾಲಾದರೂ ಇದೆಯೇ ಎಂಬ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಳ್ಳಿ.

ಅನಂತರ ಮನೆಗೆ ಕಳುಹಿಸಿ. ‘ಹಳೆಯ ಕಾಲದ ಬಗ್ಗೆ ಅಜ್ಜ ಅಜ್ಜಿಯರಲ್ಲಿ ಕೇಳಿಕೊಂಡು ಬನ್ನಿ’ ಎಂದರೆ ಏನೂ ಬರುವುದಿಲ್ಲ, ಪ್ರಶ್ನೆಗಳು ಗಟ್ಟಿಯಾಗಿರಬೇಕು. ಗೇಣಿ ಅಕ್ಕಿಯನ್ನು ಯಾವ ಪಾತ್ರೆಯಲ್ಲಿ ಅಳೆಯುತ್ತಿದ್ದರು, ಅಳೆಯುತ್ತಿದ್ದವರು ಯಾರು, ಧಣಿಯ ಮನೆಗೆ ಹೊತ್ತೊಯ್ದು ಮುಟ್ಟಿಸಿದವರು ಯಾರು, ಆ ದಿನ ಊಟ ಎಲ್ಲಿ ಹಾಕುತ್ತಿದ್ದರು ಎಂದು ಕೇಳಿಸಬೇಕು. ನನ್ನ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿಯಿಂದ ತಂದ ಉತ್ತರ ನನಗೆ ಈಗಲೂ ನೆನಪಿದೆ. ಅಕ್ಕಿಯನ್ನು ತೆಗೆದುಕೊಳ್ಳುವಾಗ ಅಳೆಯುವ ಸೇರು ಬೇರೆ, ಸಾಲವಾಗಿ ಕೊಡುವಾಗ ಅಳೆಯುವ ಸೇರು ಬೇರೆ ಎಂದು ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಅವಳು ಹಾಗೆಯೇ ತರಗತಿಯ ಮುಂದಿಟ್ಟಳು. ‘ಶೋಷಣೆ’ ಎಂಬ ಪದವನ್ನು ನಾನು ಅದರ ಬಳಿಕವೇ ಬೋರ್ಡಿನ ಮೇಲೆ ಬರೆದೆ. ಅದಕ್ಕೆ ಅರ್ಥ ಹೇಳುವ ಅಗತ್ಯ ಬೀಳಲಿಲ್ಲ.

ಮೂರನೆಯ ಹಂತದಲ್ಲಿ ಕಾನೂನು. ಕೇರಳ ಭೂ ಸುಧಾರಣಾ ಕಾಯಿದೆ 1963ರದ್ದು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ 1969ರ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂತು. ಗಡಿಯ ಆಚೆ ಪುತ್ತೂರು, ಸುಳ್ಯದ ಕಡೆ ಒಕ್ಕಲುಗಳು ‘ಡಿಕ್ಲರೇಶನ್ ಹಾಕಿದ್ದು’ (ಗೇಣಿ ಭೂಮಿಯ ಹಕ್ಕಿಗೆ ಅರ್ಜಿ ಕೊಟ್ಟದ್ದು) ಕರ್ನಾಟಕದಲ್ಲಿ 1974ರಲ್ಲಿ ಜಾರಿಯಾದ ತಿದ್ದುಪಡಿಯ ಪ್ರಕಾರ. ನಮ್ಮ ಮಕ್ಕಳಿಗೆ ಎರಡೂ ಕಡೆ ಸಂಬಂಧಿಕರಿರುವುದರಿಂದ ಈ ಹೋಲಿಕೆಯನ್ನು ಬಿಡಬಾರದು. ಇಷ್ಟನ್ನು ಹದಿನೈದು ನಿಮಿಷಗಳಲ್ಲಿ ನೀವೇ ಹೇಳಿ. ಆಮೇಲೆ ಆರು ಬಗೆಯ ಜನರ ಚೀಟಿಗಳನ್ನು ಗುಂಪುಗಳಿಗೆ ಹಂಚಿ: ಮೂಲಗೇಣಿಯವನು, ಚಾಲಗೇಣಿಯವನು, ತನ್ನ ಎರಡು ಎಕರೆಯಿಂದ ಬರುವ ಗೇಣಿಯಲ್ಲೇ ಬದುಕುತ್ತಿದ್ದ ವಿಧವೆ, ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವನು, ದೊಡ್ಡ ಧಣಿ, ರಬ್ಬರ್ ತೋಟದ ಮಾಲೀಕ. 1969ರ ಡಿಸೆಂಬರ್ ಕೊನೆಗೆ ಈ ವ್ಯಕ್ತಿಯ ಕೈಯಲ್ಲಿ ಏನಿತ್ತು, ಕಾನೂನು ಬಂದ ಮೇಲೆ ಏನು ಉಳಿಯಿತು ಅಥವಾ ಸಿಕ್ಕಿತು ಎಂಬುದನ್ನು ಪ್ರತಿ ಗುಂಪು ಕಾಯಿದೆಯ ಸಾರಾಂಶ ನೋಡಿ ಹೇಳಬೇಕು. ಗುಡಿಸಲಿನವನಿಗೆ ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸಿನವರೆಗೆ (ಒಂದು ಸೆಂಟ್ ಎಂದರೆ ಎಕರೆಯ ನೂರನೆಯ ಒಂದು ಪಾಲು) ಹಕ್ಕು ದೊರೆಯಿತು, ನಗರಸಭೆಯಾದರೆ ಐದು ಸೆಂಟ್ಸ್. ರಬ್ಬರ್ ತೋಟಕ್ಕೆ, ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿಯಿಂದ ವಿನಾಯಿತಿ ಇತ್ತು. ವಿಧವೆಯ ಚೀಟಿ ಸಿಕ್ಕಿದ ಗುಂಪು ಕಾನೂನನ್ನು ಪ್ರಶ್ನಿಸುತ್ತದೆ, ಗುಡಿಸಲಿನ ಚೀಟಿ ಸಿಕ್ಕಿದ ಗುಂಪು ಹತ್ತು ಸೆಂಟ್ಸ್ ಸಾಕೇ ಎಂದು ಕೇಳುತ್ತದೆ. ಆ ವಾದ ನಡೆಯಲಿ, ತಡೆಯಬೇಡಿ.

ಒಂದು ಎಚ್ಚರಿಕೆ ಮುಖ್ಯ. ಧಣಿಗಳ ಮೊಮ್ಮಕ್ಕಳೂ ಒಕ್ಕಲುಗಳ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಪತ್ರಗಳಲ್ಲಿ ಮನೆತನದ ಹೆಸರು ಕಾಣಿಸಬಾರದು. ಯಾವ ಮಗುವಿಗೂ ಅದರ ಸ್ವಂತ ಮನೆಯ ಪಾತ್ರದ ಚೀಟಿ ಸಿಗದಂತೆ ನೋಡಿಕೊಳ್ಳಿ.

ಉಪ್ಪಳದಿಂದ ಭೂಗೋಳದ ಅಧ್ಯಾಪಕಿ

ಮಾಸ್ತರರು ಇತಿಹಾಸದ ಬಗ್ಗೆ ಬರೆದಿದ್ದಾರೆ. ಸಮಾಜ ವಿಜ್ಞಾನದ ಭೂಗೋಳ ಭಾಗವನ್ನು ನಾವು ಹೆಚ್ಚಾಗಿ ಬೋರ್ಡಿನ ಚಿತ್ರ ಮತ್ತು ವಿಡಿಯೋಗಳಿಗೆ ಬಿಟ್ಟುಬಿಡುತ್ತೇವೆ, ಆದರೆ ನಮ್ಮ ಶಾಲೆಯ ಅಂಗಳವೇ ಒಳ್ಳೆಯ ಉಪಕರಣ ಎಂಬುದನ್ನು ಸೇರಿಸಬಯಸುತ್ತೇನೆ.

ರೇಖಾಂಶ ಮತ್ತು ಭಾರತೀಯ ಪ್ರಮಾಣ ಸಮಯದ ಪಾಠವನ್ನು ತೆಗೆದುಕೊಳ್ಳಿ. ನಮ್ಮ ಪ್ರಮಾಣ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಏಳೂವರೆ ಡಿಗ್ರಿಯ ವ್ಯತ್ಯಾಸ, ಡಿಗ್ರಿಗೆ ನಾಲ್ಕು ನಿಮಿಷ, ಒಟ್ಟು ಅರ್ಧ ಗಂಟೆ. ಈ ಲೆಕ್ಕವನ್ನು ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿಯೇ ಮಾಡುತ್ತಾರೆ. ಆದರೆ ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ನಮ್ಮ ಊರಿನಲ್ಲಿ ಇನ್ನೂ ನೆತ್ತಿಯ ಗೆರೆಗೆ ಬಂದಿರುವುದಿಲ್ಲ ಎಂದರೆ ನಂಬುವುದಿಲ್ಲ. ಅದಕ್ಕೆ ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೇರವಾಗಿ ನೆಟ್ಟು, ಹನ್ನೆರಡರಿಂದ ಒಂದು ಗಂಟೆಯವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡಿಸಬೇಕು. ಡಿಸೆಂಬರ್ ಕೊನೆಯ ಹೊತ್ತಿಗೆ ಮಾಡಿದರೆ ಅತಿ ಗಿಡ್ಡ ನೆರಳು ಹನ್ನೆರಡೂವರೆಯ ಆಸುಪಾಸಿನಲ್ಲಿ ಬೀಳುತ್ತದೆ, ಉದ್ದ ಸುಮಾರು 73 ಸೆಂಟಿಮೀಟರ್ ಇರುತ್ತದೆ. ಬೇರೆ ತಿಂಗಳುಗಳಲ್ಲಿ ಈ ಸಮಯ ಸುಮಾರು ಕಾಲು ಗಂಟೆಯವರೆಗೆ ಹಿಂದೆ ಮುಂದೆ ಆಗುತ್ತದೆ. ಅದು ಏಕೆ ಎಂದು ಕೇಳುವ ಮಗು ಸಿಕ್ಕಿದರೆ ಭೂಮಿಯ ಕಕ್ಷೆ ಮತ್ತು ವಾಲುವಿಕೆಯ ಪಾಠಕ್ಕೆ ದಾರಿ ತಾನಾಗಿಯೇ ತೆರೆಯುತ್ತದೆ.

ಮಾರ್ಚ್ 21ರ ಸುಮಾರಿಗೆ ಅದೇ ಕೋಲಿನ ಮಧ್ಯಾಹ್ನದ ನೆರಳು 22 ಸೆಂಟಿಮೀಟರಿಗೆ ಇಳಿಯುತ್ತದೆ. ಆ ದಿನ ಸೂರ್ಯಕಿರಣ ಲಂಬದಿಂದ ಎಷ್ಟು ಕೋನ ವಾಲಿರುತ್ತದೋ ಅದೇ ನಮ್ಮ ಅಕ್ಷಾಂಶ, ಅಂದರೆ ಹನ್ನೆರಡೂವರೆ ಡಿಗ್ರಿ. ವಾರ್ಷಿಕ ಪರೀಕ್ಷೆಯ ನಡುವೆ ಬರುವ ದಿನವಾದರೂ ಹತ್ತು ನಿಮಿಷ ಬಿಡುವು ಮಾಡಿಕೊಳ್ಳುವಷ್ಟು ಮೌಲ್ಯ ಅದಕ್ಕಿದೆ ಎಂದು ನನ್ನ ಅಭಿಪ್ರಾಯ.

ಭಾಷೆಯ ತೊಡಕಿನ ಬಗ್ಗೆ ನೀವು ಬರೆದುದಕ್ಕೆ ನನ್ನ ಅನುಭವ ಇಷ್ಟು: ಕಲ್ಲಿಡುವಾಗ, ಅಳೆಯುವಾಗ, ವಾದಿಸುವಾಗ ಮಕ್ಕಳು ತುಳುವಿನಲ್ಲೋ ಮಲಯಾಳದಲ್ಲೋ ಮಾತಾಡಲಿ. ಬರೆಯುವಾಗ ಮಾತ್ರ ಕನ್ನಡದಲ್ಲಿ ಬರೆಯಲಿ. ಮನೆಮಾತಿನಲ್ಲಿ ಒಮ್ಮೆ ಯೋಚಿಸಿ ಮುಗಿಸಿದ ವಿಷಯವನ್ನು ಕನ್ನಡದಲ್ಲಿ ಬರೆಯಲು ಅವರಿಗೆ ಬೇಕಾಗುವುದು ನಾಲ್ಕೈದು ಪದಗಳ ಸಹಾಯ ಮಾತ್ರ, ಅದನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಟ್ಟರೆ ಸಾಕು.

ಜತ್ತ ತಾಲೂಕು, ಸಾಂಗಲಿ ಜಿಲ್ಲೆಯ ಶಿಕ್ಷಕ

ನಾನು ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸುವವನು. ನಮ್ಮ ಮಕ್ಕಳ ಪುಸ್ತಕ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಕನ್ನಡ ಆವೃತ್ತಿ. ನಿಮ್ಮಲ್ಲಿ ಮಳೆಗಾಲ ಶಾಲೆಗೆ ರಜೆ ಕೊಡಿಸಿದರೆ ನಮ್ಮಲ್ಲಿ ಮಳೆ ಬಾರದಿರುವುದೇ ಪಾಠ. ಆದರೂ ಟೀಚರ್ ಅವರು ಬರೆದ ತೊಡಕು ಓದಿದಾಗ ನಮ್ಮ ಶಾಲೆಯದ್ದೇ ಎನಿಸಿತು.

ಮುಳ್ಳೇರಿಯದ ಗುರುಗಳು ಹೇಳಿದ ಸಂದರ್ಶನದ ಕ್ರಮ ನಮ್ಮಲ್ಲಿ 1972ರ ಬರಗಾಲದ ವಿಷಯಕ್ಕೆ ಬಹಳ ಒಗ್ಗಿದೆ. ಆ ವರ್ಷ ಪ್ರಾಯದವರಾಗಿದ್ದವರು ಇನ್ನೂ ಹಳ್ಳಿಗಳಲ್ಲಿ ಇದ್ದಾರೆ. ರಸ್ತೆಗೆ ಖಡಿ ಒಡೆದದ್ದು, ಇಂಗು ಕೆರೆಗೆ ಮಣ್ಣು ಹೊತ್ತದ್ದು, ರೇಷನ್ನಿಗೆ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದದ್ದು ಅವರ ಬಾಯಲ್ಲಿ ನಿನ್ನೆಯ ಮಾತಿನಂತೆ ಬರುತ್ತದೆ. ಮಕ್ಕಳು ಇದನ್ನು ಬರೆದು ತಂದಾಗ ನಾನು ಕೇಳುವ ಪ್ರಶ್ನೆ ಒಂದೇ: ಸರಕಾರ ಆ ಜನರಿಗೆ ಕೂಲಿ ಕೊಟ್ಟದ್ದು ದಯೆಯೋ, ಹಕ್ಕೋ? ಆ ದಿನ ಬಂದ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಹಾಗೆಯೇ ಬಿಡುತ್ತೇನೆ. ಮರುದಿನ ಮಹಾರಾಷ್ಟ್ರದ ಉದ್ಯೋಗ ಖಾತರಿ ಕಾಯಿದೆಯ ಕಥೆ ಹೇಳುತ್ತೇನೆ. ಅದರ ಕಲ್ಪನೆಯನ್ನು ಮುಂದಿಟ್ಟು ಬೆಳೆಸಿದ ವಿ. ಸ. ಪಾಗೆಯವರು ನಮ್ಮ ಸಾಂಗಲಿ ಜಿಲ್ಲೆಯವರು, ರಾಜ್ಯ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದವರು. 1977ರಲ್ಲಿ ಮಹಾರಾಷ್ಟ್ರ ಅದನ್ನು ಕಾನೂನಾಗಿ ಮಾಡಿತು. 2005ರಲ್ಲಿ ಕೇಂದ್ರದ ಕಾನೂನು ಬಂದು, ದೇಶದ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸದ ಖಾತರಿ ಕೊಟ್ಟಿತು. ತಮ್ಮ ಅಜ್ಜಿ ಮಣ್ಣು ಹೊತ್ತ ಕೆರೆಯಿಂದ ದೆಹಲಿಯ ಕಾನೂನಿನವರೆಗೆ ಒಂದು ಎಳೆ ಇದೆ ಎಂದು ತಿಳಿದ ಮಗುವಿಗೆ ‘ಸಾಮಾಜಿಕ ಭದ್ರತೆ’ ಎಂಬ ಅಧ್ಯಾಯ ಪರಕೀಯವಾಗುವುದಿಲ್ಲ.

ಪರೀಕ್ಷೆಯ ಭಯ ಎಲ್ಲರಿಗೂ ಇದೆ. ಅದಕ್ಕೆ ನಾನು ಮಾಡುವುದೇನೆಂದರೆ, ಸಂದರ್ಶನದ ವರದಿಯನ್ನು ಪ್ರತ್ಯೇಕ ಪ್ರಾಜೆಕ್ಟಾಗಿ ಬಣ್ಣದ ಕಾಗದಕ್ಕೆ ಅಂಟಿಸಿ ತರಲು ಹೇಳದೆ, ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಯುವಾಗ ಉದಾಹರಣೆಯಾಗಿ ಆ ವರದಿಯ ಒಂದು ವಾಕ್ಯವನ್ನಾದರೂ ಸೇರಿಸಲೇಬೇಕೆಂದು ಹೇಳುವುದು. ಉತ್ತರ ಉದ್ದವಾಗುತ್ತದೆ, ಅಂಕವೂ ಬರುತ್ತದೆ, ಬಣ್ಣದ ಕಾಗದದ ಖರ್ಚೂ ಉಳಿಯುತ್ತದೆ. ಕಬ್ಬು ಕಡಿಯಲು ಊರು ಬಿಟ್ಟುಹೋಗುವ ಪೋಷಕರ ಮಕ್ಕಳಿರುವಲ್ಲಿ ಆ ಖರ್ಚು ಸಣ್ಣದಲ್ಲ.

ಪೈವಳಿಕೆ, ಯು.ಪಿ. (ಹಿರಿಯ ಪ್ರಾಥಮಿಕ) ವಿಭಾಗದ ಅಧ್ಯಾಪಕ

ಮೇಲಿನವರೆಲ್ಲರ ಮಾತಿಗೂ ಗೌರವವಿದೆ. ಆದರೆ ಒಂದು ವಿಷಯದಲ್ಲಿ ನಾನು ಬೇರೆಯ ಅಭಿಪ್ರಾಯ ಹೇಳಬೇಕಾಗಿದೆ. ವಿಧಾನಗಳ ವೈವಿಧ್ಯದ ಮಾತು ಬಂದಾಗ ಅಧ್ಯಾಪಕರು ಎದುರು ನಿಂತು ಹೇಳುವ ಪಾಠವನ್ನು ಹಳೆಯದು ಎಂದು ಬದಿಗಿಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ತಾಳಮದ್ದಳೆಯನ್ನು ರಾತ್ರಿಯಿಡೀ ಕುಳಿತು ಕೇಳುವ ಊರಿನ ಮಕ್ಕಳಿಗೆ ಒಳ್ಳೆಯ ಮಾತನ್ನು ಕೇಳುವ ಶಕ್ತಿ ಇಲ್ಲವೆಂದು ನಾನು ನಂಬುವುದಿಲ್ಲ. ಇಕ್ಕೇರಿಯ ಶಿವಪ್ಪ ನಾಯಕ ಬೇಕಲದಲ್ಲಿಯೂ ಚಂದ್ರಗಿರಿಯಲ್ಲಿಯೂ ಕೋಟೆ ಕಟ್ಟಿದ್ದೇಕೆ, ಹೊಳೆಯ ದಕ್ಷಿಣ ದಡವನ್ನೇ ಆರಿಸಿದ್ದೇಕೆ, ಕಡಲಿನಿಂದ ಬರುವ ಹಡಗು ಎಲ್ಲಿಂದ ಕಾಣಿಸುತ್ತದೆ ಎಂಬುದನ್ನು ಭೂಪಟ ತೂಗುಹಾಕಿ ಇಪ್ಪತ್ತು ನಿಮಿಷ ಚೆನ್ನಾಗಿ ಹೇಳಿದರೆ ಅದೂ ಒಂದು ವಿಧಾನವೇ. ಸಿದ್ಧತೆಯಿಲ್ಲದೆ ಹೇಳುವ ಪಾಠ ಬೇಸರ ತರಿಸುತ್ತದೆ. ಸಿದ್ಧತೆಯಿಲ್ಲದ ಗುಂಪು ಚಟುವಟಿಕೆ ಅದಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ.

ಗುಂಪಿನಲ್ಲಿ ಒಬ್ಬಳೇ ಬರೆಯುವ ತೊಂದರೆಗೆ ಜಿಗ್‌ಸಾ ಕ್ರಮವನ್ನು ನೋಡಿ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕಪ್ಪು, ಬಿಳಿ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕುಳಿತು ಜಗಳಗಳು ನಡೆಯುತ್ತಿದ್ದಾಗ, ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳೊಂದಿಗೆ ರೂಪಿಸಿದ ಕ್ರಮ ಅದು. ಪಾಠವನ್ನು ಭಾಗ ಮಾಡಿ ಗುಂಪಿನ ಪ್ರತಿ ಮಗುವಿಗೆ ಒಂದೊಂದು ಭಾಗವನ್ನು ಮಾತ್ರ ಕೊಡಬೇಕು. ಒಂದೇ ಭಾಗ ಸಿಕ್ಕಿದ ಮಕ್ಕಳು ಬೇರೆ ಬೇರೆ ಗುಂಪುಗಳಿಂದ ಬಂದು ಒಟ್ಟಿಗೆ ಕುಳಿತು ಅದನ್ನು ಕಲಿತು, ಮತ್ತೆ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಹೇಳಿಕೊಡಬೇಕು. ಯಾವ ಮಗುವಿನ ಭಾಗ ಬಿಟ್ಟುಹೋದರೂ ಗುಂಪಿನ ಉತ್ತರ ಪೂರ್ಣವಾಗುವುದಿಲ್ಲ. ಆದ್ದರಿಂದ ಮೌನವಾಗಿರುವವನ ಮಾತಿಗೂ ಕಿವಿಗೊಡಲೇಬೇಕಾಗುತ್ತದೆ. ವರದಿ ಹೇಳುವವರನ್ನು ಚೀಟಿ ಎತ್ತಿ ಆರಿಸಿ. ತನ್ನ ಸರದಿ ಬರಬಹುದೆಂದು ತಿಳಿದರೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ.

ರಾಜ್ಯ ಪುನರ್ವಿಂಗಡಣೆಯ ಪಾಠಕ್ಕೆ ಇದು ಬಹಳ ಹೊಂದುತ್ತದೆ. ಒಬ್ಬನಿಗೆ 1953ರಲ್ಲಿ ನೇಮಕವಾಗಿ 1955ರಲ್ಲಿ ವರದಿ ಕೊಟ್ಟ ಫಜಲ್ ಅಲಿ ಆಯೋಗದ ಮಾನದಂಡಗಳು, ಇನ್ನೊಬ್ಬನಿಗೆ ಜನಗಣತಿಯಲ್ಲಿ ಭಾಷೆಯ ಲೆಕ್ಕ ತೆಗೆಯುವ ಬಗೆ, ಮತ್ತೊಬ್ಬನಿಗೆ ಚಂದ್ರಗಿರಿ ಹೊಳೆಯ ಭೂಪಟ, ನಾಲ್ಕನೆಯವನಿಗೆ 1966ರಲ್ಲಿ ನೇಮಕವಾಗಿ ಮರುವರ್ಷ ಗಡಿ ವಿವಾದದ ವರದಿ ಕೊಟ್ಟ ಮಹಾಜನ ಆಯೋಗದ ಶಿಫಾರಸು. ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಆ ಆಯೋಗ ಹೇಳಿತ್ತು, ಅದು ಜಾರಿಯಾಗಲಿಲ್ಲ. ನಮ್ಮ ಊರಿನಲ್ಲಿ ಈ ವಿಷಯದ ನೋವು ಇನ್ನೂ ಇದೆ. ಅದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಆದರೆ ಯಾರು ಸರಿ ಎಂಬ ತೀರ್ಪಿಗಿಂತ ಮೊದಲು, ಗಡಿ ಎಳೆಯುವವರು ಭಾಷೆಯನ್ನು ನೋಡಬೇಕೋ, ಹೊಳೆಯನ್ನೋ, ಹಳ್ಳಿಯನ್ನೋ, ತಾಲೂಕನ್ನೋ ಎಂಬ ಪ್ರಶ್ನೆಗೆ ಮಕ್ಕಳು ತಮ್ಮ ಆಧಾರಗಳನ್ನು ಕೊಡುವಂತಾಗಬೇಕು.

ಪಾಠ ಆರಂಭಿಸಲು ಐದು ನಿಮಿಷದ ಒಂದು ಚಟುವಟಿಕೆಯನ್ನೂ ಹೇಳಿಬಿಡುತ್ತೇನೆ. ಹತ್ತು ರೂಪಾಯಿಯ ನೋಟನ್ನು ಕೈಗೆ ಕೊಟ್ಟು, ಹಿಂಬದಿಯ ಪಟ್ಟಿಯಲ್ಲಿರುವ 15 ಭಾಷೆಗಳಲ್ಲಿ ನಿಮ್ಮ ಮನೆಯ ಭಾಷೆಯನ್ನು ಹುಡುಕಿ ಎನ್ನಿ. ಕನ್ನಡ, ಕೊಂಕಣಿ, ಮಲಯಾಳ, ಮರಾಠಿ, ಉರ್ದು ಸಿಗುತ್ತವೆ. ತುಳು ಮತ್ತು ಬ್ಯಾರಿಯ ಮಕ್ಕಳು ಹುಡುಕುತ್ತಲೇ ಇರುತ್ತಾರೆ. ‘ನಮ್ಮದು ಯಾಕಿಲ್ಲ ಸರ್’ ಎಂದು ಅವರು ಕೇಳಿದ ಕೂಡಲೇ ಸಂವಿಧಾನದ ಎಂಟನೆಯ ಅನುಸೂಚಿಯ ಪಾಠ ಆರಂಭಿಸಬಹುದು: ಆರಂಭದಲ್ಲಿ 14 ಭಾಷೆಗಳು, ಈಗ 22, ಯಾವುದು ಯಾವಾಗ ಸೇರಿತು, ಸೇರಿಸುವವರು ಯಾರು.

ಬದಿಯಡ್ಕ ಟೀಚರ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಗೇಣಿ ಚೀಟಿಯಿಂದಲೇ ಆರಂಭಿಸಲು ನಿರ್ಧರಿಸಿದ್ದೇನೆ. ವರದಿ ಹೇಳುವವರನ್ನು ಚೀಟಿ ಎತ್ತಿ ಆರಿಸುವ ಕ್ರಮವನ್ನು ನಾಳೆಯಿಂದಲೇ ತರುತ್ತೇನೆ.

ಮುಳ್ಳೇರಿಯದ ಮಾಸ್ತರರಲ್ಲಿ ಇನ್ನೊಂದು ಪ್ರಶ್ನೆ. ನನ್ನ ತರಗತಿಯಲ್ಲಿ ಕೊರಗ ಸಮುದಾಯದ ಮಕ್ಕಳಿದ್ದಾರೆ, ಕೂಲಿ ಕೆಲಸಕ್ಕೆ ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳೂ ಇದ್ದಾರೆ. ಅವರ ಮನೆಗಳಲ್ಲಿ ಗೇಣಿ ಚೀಟಿಯೂ ಇಲ್ಲ, ಪಟ್ಟೆಯೂ (ಭೂಮಿಯ ಹಕ್ಕುಪತ್ರ) ಇಲ್ಲ. ಉಳಿದವರು ಪತ್ರಗಳನ್ನು ತಂದು ತೋರಿಸುವ ದಿನ ಈ ಮಕ್ಕಳು ಬರಿಗೈಯಲ್ಲಿ ಕುಳಿತಿರುವಂತಾಗಬಾರದು ಎಂಬುದು ನನ್ನ ಚಿಂತೆ.

ಮುಳ್ಳೇರಿಯ, ನಿವೃತ್ತ ಅಧ್ಯಾಪಕ

ಬಹಳ ಸರಿಯಾದ ಚಿಂತೆ, ಟೀಚರ್. ಯಾವ ಮಗುವೂ ಮನೆಯಿಂದ ಪತ್ರ ತರಬೇಕೆಂದು ಹೇಳಬೇಡಿ. ಪತ್ರಗಳನ್ನು ನೀವೇ ಊರಿನ ಪರಿಚಯದವರಿಂದ ಮೊದಲೇ ಪಡೆದು, ಪ್ರತಿ ಮಾಡಿಸಿ, ಮೂಲಪತ್ರವನ್ನು ಅದೇ ದಿನ ಹಿಂದಿರುಗಿಸಿ. ಪ್ರತಿಯಲ್ಲಿ ಹೆಸರು, ಮನೆತನ, ಸರ್ವೆ ನಂಬರು ಮೂರನ್ನೂ ಮುಚ್ಚಿರಬೇಕು. ಸರ್ವೆ ನಂಬರು ಉಳಿದರೆ ಊರಿನವರಿಗೆ ಜಾಗ ಯಾರದ್ದೆಂದು ಕೂಡಲೇ ಗೊತ್ತಾಗುತ್ತದೆ, ಕೆಲವು ಮನೆಗಳಲ್ಲಿ ವ್ಯಾಜ್ಯಗಳು ಇನ್ನೂ ಮುಗಿದಿರುವುದಿಲ್ಲ.

ಇನ್ನು, ಆ ಮಕ್ಕಳ ಮನೆಯಲ್ಲಿ ಪತ್ರ ಇಲ್ಲದಿರುವುದೂ ಈ ಪಾಠದ ಒಳಗಿನ ವಿಷಯವೇ. ಗೇಣಿಯ ಹಕ್ಕು ಇದ್ದವನಿಗೆ ಕಾನೂನು ಉಳುತ್ತಿದ್ದ ಭೂಮಿಯನ್ನು ಕೊಟ್ಟಿತು. ಒಕ್ಕಲೇ ಆಗಿರದೆ ಕೂಲಿಗೆ ದುಡಿದವನಿಗೆ ದಕ್ಕಿದ್ದು ಹೆಚ್ಚೆಂದರೆ ಗುಡಿಸಲಿನ ಜಾಗ ಅಥವಾ ಮಿತಿ ಮೀರಿದ ಜಮೀನಿನಿಂದ ಹಂಚಿದ ಮಿಚ್ಚಭೂಮಿಯ ತುಂಡು. ಇದನ್ನು ನೀವು ಮೂರನೆಯ ಪಿರಿಯಡ್ಡಿನಲ್ಲಿ ಕಾನೂನಿನ ಸಂಗತಿಯಾಗಿ ಇಡೀ ತರಗತಿಗೆ ಹೇಳಿ, ಆ ಮಕ್ಕಳ ಕಡೆ ತಿರುಗಿ ಹೇಳಬೇಡಿ. ಸಂದರ್ಶನದ ಪ್ರಶ್ನೆಗಳಲ್ಲಿ ಒಂದೆರಡನ್ನು ದುಡಿಮೆಯ ಬಗ್ಗೆ ಇಡಿ: ದಿನದ ಕೂಲಿಯನ್ನು ಹಣದಲ್ಲಿ ಕೊಡುತ್ತಿದ್ದರೋ ಅಕ್ಕಿಯಲ್ಲೋ, ಹೆಂಗಸರಿಗೆ ಎಷ್ಟು, ಮಳೆಗಾಲದಲ್ಲಿ ಕೆಲಸವಿಲ್ಲದಾಗ ಏನು ಮಾಡುತ್ತಿದ್ದರು. ಬುಟ್ಟಿ ಹೆಣೆಯುವವರ ಮನೆಯಾದರೆ ಬಳ್ಳಿ ತರಲು ಯಾವ ಕಾಡಿಗೆ ಹೋಗುತ್ತಿದ್ದರು, ಈಗ ಅಲ್ಲಿ ಏನಿದೆ ಎಂದು ಕೇಳಿಸಿ. ಹೊರಗಿನಿಂದ ಬಂದ ಕುಟುಂಬದ ಮಗು ತನ್ನ ಅಜ್ಜನ ಊರಿನ ಹೊಲದ ಬಗ್ಗೆ ಕೇಳಿಕೊಂಡು ಬರಲಿ, ಫೋನಿನಲ್ಲಿ ಮಾತಾಡಿಯಾದರೂ ಸರಿ.

ಎರಡು ಗೇಣಿ ಚೀಟಿಗಳ ಪ್ರತಿಗಳು ನನ್ನಲ್ಲಿ ಇವೆ, ಎರಡರಲ್ಲೂ ಹೆಸರುಗಳನ್ನು ಮುಚ್ಚಲಾಗಿದೆ. ಒಂದು ಚಾಲಗೇಣಿಯದ್ದು, ಇನ್ನೊಂದು ಮೂಲಗೇಣಿಯದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿದರೆ ವ್ಯತ್ಯಾಸ ಬೇಗ ಕಾಣಿಸುತ್ತದೆ. ಯಾವ ವಾರ ಬೇಕೆಂದು ತಿಳಿಸಿ, ಶಾಲೆಗೆ ತಲಪಿಸುವ ವ್ಯವಸ್ಥೆ ಮಾಡುತ್ತೇನೆ.